ಫ್ರಿಜ್‌ನಲ್ಲಿ ಇಟ್ಟುಕೊಳ್ಳುವ ಮದ್ದಲ್ಲ ಇದು

ಸುಂಟಿಕೊಪ್ಪ ಕಡೆಯ ಕಾಫಿ ಬೆಳೆಗಾರರೊಬ್ಬರು ಪತ್ರ ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದಿದ್ದಾರೆ. ಪತ್ರದ ಮುಖ್ಯ ಭಾಗ ಇಷ್ಟು:

"ಡಿಸೆಂಬರಿನಲ್ಲಿ ಕಾಫಿ ಕುಯ್ಯುವಾಗ ನಮ್ಮ ಲೈನ್ ಮನೆಯ (ತೋಟದ ಕೆಲಸಗಾರರ ಸಾಲುಮನೆ) ಹುಡುಗಿಯ ಪಾದಕ್ಕೆ ಗಿಡ್ಡ ಕಂದು ಹಾವು ಕಚ್ಚಿತು. ಮೇಸ್ತ್ರಿ ಮೊಬೈಲಿನಲ್ಲಿ ಹಾವಿನ ಫೋಟೋ ತೆಗೆದ. ಅರ್ಧ ಗಂಟೆಯಲ್ಲಿ ಆಸ್ಪತ್ರೆ ಮುಟ್ಟಿಸಿದೆವು. ಡಾಕ್ಟರ್ ರಕ್ತ ತೆಗೆದು ಗಾಜಿನ ಟ್ಯೂಬಿಗೆ ಹಾಕಿ ಗಡಿಯಾರ ನೋಡುತ್ತಾ ಕೂತರು. ಟ್ಯೂಬ್ ಎತ್ತಿ ನೋಡಲು ಹೋದರೆ ನನ್ನನ್ನೇ ಗದರಿದರು. ಹಾವಿನ ಇಂಜೆಕ್ಷನ್ ಕೊಡಿ ಎಂದು ಕೂಗಾಡಿದೆ. ಕೊಡಲಿಲ್ಲ. ಮರುದಿನ ಮೂತ್ರ ಕಡಿಮೆಯಾಯಿತೆಂದು ಮೈಸೂರಿಗೆ ಕಳಿಸಿದರು. ಅಲ್ಲಿ ಡಯಾಲಿಸಿಸ್ ಆಗಿ ಬದುಕಿದಳು. ಇನ್ನು ಇವರನ್ನು ನಂಬಿ ಕೂರುವುದಿಲ್ಲ. ಹಾವಿನ ಇಂಜೆಕ್ಷನ್ನು, ಮದ್ದು ಹೊಡೆಯುವಾಗ ವಿಷವೇರಿದರೆ ಬೇಕಾಗುವ ಅಟ್ರೋಪಿನ್ನು, ಎರಡನ್ನೂ ನಮ್ಮ ಫ್ರಿಜ್‌ನಲ್ಲೇ ಇಡುತ್ತೇವೆ. ಹೇಗೆ ಕೊಡುವುದು ಅಂತ ನೀವು ಬರೆಯಿರಿ."

ನಮಸ್ಕಾರ ಅಕ್ಕ,

ಹುಡುಗಿ ಬದುಕಿದಳು ಎಂದು ಓದಿದ ಮೇಲೆಯೇ ಉಸಿರು ಬಿಟ್ಟೆ. ಆಕೆಯನ್ನು ಎತ್ತಿಕೊಂಡು ಅರ್ಧ ಗಂಟೆಯಲ್ಲಿ ಆಸ್ಪತ್ರೆ ಮುಟ್ಟಿಸಿದ್ದೀರಲ್ಲ, ಅವಳ ಜೀವ ಉಳಿಸಿದ ಮೊದಲ ಕೆಲಸ ಅದು. ಆದರೆ ನೀವು ಕೇಳಿದ್ದನ್ನು ನಾನು ಬರೆಯುವುದಿಲ್ಲ. ಯಾಕೆ ಅಂತ ಹೇಳುತ್ತೇನೆ, ಸ್ವಲ್ಪ ಉದ್ದವಾಗುತ್ತದೆ.

ಮೊದಲು ಆ ಗಾಜಿನ ಟ್ಯೂಬು. ಮಂಡಲದ ಜಾತಿಯ ಹಾವುಗಳ ವಿಷ ರಕ್ತ ಹೆಪ್ಪುಗಟ್ಟುವುದನ್ನು ಕೆಡಿಸುತ್ತದೆ. ಅದನ್ನು ತಿಳಿಯಲು ದೊಡ್ಡ ಮಿಷನ್ ಬೇಡ. ಒಣಗಿದ, ಶುದ್ಧವಾದ ಗಾಜಿನ ಟ್ಯೂಬಿಗೆ 2 ಮಿ.ಲೀ. ರಕ್ತ ಹಾಕಿ 20 ನಿಮಿಷ ಅಲುಗಾಡಿಸದೆ ಬಿಡುತ್ತಾರೆ. ಆಮೇಲೆ ಒಂದೇ ಸಲ ಬಗ್ಗಿಸಿ ನೋಡುತ್ತಾರೆ. ಗಟ್ಟಿಯಾಗಿ ನಿಂತರೆ ಸರಿ. ನೀರಿನ ಹಾಗೆ ಹರಿದರೆ ವಿಷ ರಕ್ತಕ್ಕೆ ಇಳಿದಿದೆ ಎಂದು ಅರ್ಥ. ನಡುವೆ ಟ್ಯೂಬ್ ಎತ್ತಿ ಅಲ್ಲಾಡಿಸಿದರೆ ಪರೀಕ್ಷೆ ಕೆಟ್ಟಂತೆ. ನಿಮ್ಮನ್ನು ಗದರಿದ್ದು ಅದಕ್ಕೇ. ಅವರು ಸುಮ್ನೆ ಕೂತಿರಲಿಲ್ಲ ಅಕ್ಕ, ನೋಡುತ್ತಿದ್ದರು. ಆದರೆ ಇದನ್ನು ನಿಮಗೆ ಎರಡು ಮಾತಿನಲ್ಲಿ ಹೇಳಬೇಕಿತ್ತು. ಹೇಳದೇ ಇದ್ದದ್ದು ತಪ್ಪು. ಕಣ್ಣೆದುರು ಮನೆಯ ಹುಡುಗಿ ನರಳುವಾಗ ಗಡಿಯಾರ ನೋಡುವ ಡಾಕ್ಟರನ್ನು ಕಂಡರೆ ಯಾರಿಗಾದರೂ ಸಿಟ್ಟು ಬರುತ್ತದೆ.

ಇನ್ನು ಫೋಟೋ. ನೀವು ಕಳಿಸಿದ್ದನ್ನು ಹಾವುಗಳನ್ನು ಚೆನ್ನಾಗಿ ಬಲ್ಲ ಗೆಳೆಯರಿಗೆ ತೋರಿಸಿದೆ. ತ್ರಿಕೋನದ ತಲೆ, ಮೇಲಕ್ಕೆ ತಿರುಗಿದ ಮೂಗಿನ ತುದಿ, ಗೇಣುದ್ದ ಮೈ. ಗುಳಿಮಂಡಲದ ಒಂದು ಜಾತಿ. ನಮ್ಮ ಘಟ್ಟದಲ್ಲಿ ಕಾಫಿ ಗಿಡದ ಬುಡದ ತರಗೆಲೆಯಲ್ಲಿ ಸುರುಳಿ ಸುತ್ತಿ ಮಲಗುತ್ತದೆ, ಎಲೆ ಯಾವುದು ಹಾವು ಯಾವುದು ಗೊತ್ತಾಗುವುದಿಲ್ಲ. ನಮ್ಮ ದೇಶದಲ್ಲಿ ಸಿಗುವ ಹಾವಿನ ಇಂಜೆಕ್ಷನ್ ತಯಾರಾಗುವುದು ನಾಲ್ಕು ಹಾವುಗಳ ವಿಷದಿಂದ: ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ. ಚೆನ್ನೈ ಹತ್ತಿರದ ವಡನೆಮ್ಮೇಲಿಯಲ್ಲಿ 1978ರಿಂದ ಇರುವ, ಹಾವು ಹಿಡಿಯುವುದರಲ್ಲಿ ನುರಿತ ಇರುಳ ಬುಡಕಟ್ಟಿನವರ ಸಹಕಾರ ಸಂಘ ಈ ವಿಷವನ್ನು ತೆಗೆದು ಕೊಡುತ್ತದೆ. ಅದನ್ನು ಸ್ವಲ್ಪ ಸ್ವಲ್ಪವೇ ಕುದುರೆಗಳಿಗೆ ಚುಚ್ಚಿ, ಅವುಗಳ ರಕ್ತದಿಂದ ಮದ್ದು ಮಾಡುತ್ತಾರೆ. ಈ ಗುಳಿಮಂಡಲದ ವಿಷ ಅದರಲ್ಲಿ ಸೇರಿಲ್ಲ. ನಮ್ಮ ಕಾಡಿನ ಹಸಿರು, ಕಂದು ಮಲಬಾರ್ ಗುಳಿಮಂಡಲವೂ ಸೇರಿಲ್ಲ, ಕಾಳಿಂಗವೂ ಇಲ್ಲ. ನಿಮ್ಮ ಹುಡುಗಿಗೆ ಆ ಇಂಜೆಕ್ಷನ್ ಕೊಟ್ಟಿದ್ದರೆ ಉಪಯೋಗ ಆಗುತ್ತಿರಲಿಲ್ಲ, ಅಲರ್ಜಿಯ ಅಪಾಯ ಮಾತ್ರ ಉಳಿಯುತ್ತಿತ್ತು. ಈ ಹಾವು ಕಚ್ಚಿದರೆ ಕೆಲವರಿಗೆ ಕಿಡ್ನಿ ಸೋಲುತ್ತದೆ. ಅದಕ್ಕೆ ಮೂತ್ರ ಅಳೆಯುತ್ತಾ ಇರಬೇಕು, ಸಮಯಕ್ಕೆ ಡಯಾಲಿಸಿಸ್ ಆಗಬೇಕು. ನೀವು ಬರೆದದ್ದನ್ನು ನೋಡಿದರೆ ಅವರು ಎರಡನ್ನೂ ಮಾಡಿದ್ದಾರೆ. ಮೇಸ್ತ್ರಿಗೆ ನನ್ನ ಪರವಾಗಿ ಹೇಳಿ, ಆ ಫೋಟೋ ದೊಡ್ಡ ಉಪಕಾರ ಮಾಡಿದೆ. ಆದರೆ ಹಾವಿನ ಹಿಂದೆ ಓಡಬೇಡಿ. ಫೋಟೋ ಸಿಕ್ಕರೆ ಸಿಕ್ಕಿತು, ಇಲ್ಲದಿದ್ದರೂ ಡಾಕ್ಟರ್ ಮೈ ನೋಡಿ ಹೇಳುತ್ತಾರೆ.

ಸರಿ, ಕೊಳಕುಮಂಡಲವೇ ಕಚ್ಚಿತು ಅಂತಿಟ್ಟುಕೊಳ್ಳಿ. ಆಗಲೂ ಫ್ರಿಜ್‌ನ ಇಂಜೆಕ್ಷನ್ ಉಪಯೋಗಕ್ಕೆ ಬರುವುದಿಲ್ಲ. ಒಂದು ಬಾಟಲಿ ಸಾಲುವುದಿಲ್ಲ, ಶುರುವಿಗೇ 8ರಿಂದ 10 ಬೇಕು. ಮಕ್ಕಳಿಗೂ ಅಷ್ಟೇ, ಯಾಕೆಂದರೆ ಹಾವು ಮಗು ಅಂತ ವಿಷ ಕಡಿಮೆ ಬಿಡುವುದಿಲ್ಲ. ರಕ್ತನಾಳಕ್ಕೇ ಹೋಗಬೇಕು. ಕೊಡುತ್ತಿರುವಾಗಲೇ ಮೈಯೆಲ್ಲಾ ದದ್ದೆದ್ದು, ಗಂಟಲು ಬಿಗಿದು, ಬಿ.ಪಿ. ಬಿದ್ದುಹೋಗಬಹುದು. ಆ ಕ್ಷಣಕ್ಕೆ ಅಡ್ರಿನಲಿನ್ ಸಿರಿಂಜಿಗೆ ತುಂಬಿ ಪಕ್ಕದಲ್ಲಿ ಇಟ್ಟುಕೊಂಡಿರಬೇಕು, ಆಕ್ಸಿಜನ್ ಇರಬೇಕು. ಸರ್ಕಾರಿ ಆಸ್ಪತ್ರೆಯಲ್ಲಿ ಇದು ಉಚಿತ. 2024ರಲ್ಲಿ ನಮ್ಮ ರಾಜ್ಯ ಸರ್ಕಾರ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆಗಳ ಪಟ್ಟಿಗೆ ಸೇರಿಸಿದೆ.

ಅಟ್ರೋಪಿನ್ ವಿಷಯಕ್ಕೆ ಬಂದರೆ ನನ್ನದೇ ಒಂದು ಕಥೆ ಹೇಳಬೇಕು. ಇದನ್ನು ಇಲ್ಲಿಯವರೆಗೆ ಬರೆದಿರಲಿಲ್ಲ.

ಕೆಲವು ವರ್ಷದ ಹಿಂದೆ, ಅಕ್ಟೋಬರ್ ಕೊನೆ. ನಮ್ಮ ತೋಟದಲ್ಲಿ ಕಾಂಡಕೊರಕ ಹುಳಕ್ಕೆ ಕ್ಲೋರ್‌ಪೈರಿಫಾಸ್ ಎಂಬ ಕೀಟನಾಶಕ ಹೊಡೆಯುತ್ತಿದ್ದರು. ಬೆನ್ನಿಗೆ ಹಾಕುವ ಪಂಪು ಸೋರುತ್ತಿತ್ತು. ನನಗೆ ಗೊತ್ತಿತ್ತು, ನಾಳೆ ರಿಪೇರಿ ಮಾಡಿಸೋಣ ಅಂದಿದ್ದೆ. ಮಧ್ಯಾಹ್ನದ ಹೊತ್ತಿಗೆ ಆಳು ಕಣ್ಣು ಮಂಜು ಎಂದ. ಕಣದ ಕಟ್ಟೆಯ ಮೇಲೆ ಕೂತ. ಅಂಗಿ ಬೆನ್ನಿಗೆ ಅಂಟಿತ್ತು. ಬಾಯಿಂದ ಜೊಲ್ಲು ನೂಲಿನ ಹಾಗೆ ಇಳಿಯುತ್ತಿತ್ತು, ಒರೆಸಿದಷ್ಟೂ ಬರುತ್ತಿತ್ತು. ಕಣ್ಣಿನ ಪಾಪೆ ಸಾಸಿವೆ ಕಾಳಿನಷ್ಟಾಗಿತ್ತು. ನಾನು ಜೀಪಿನ ಕೀ ಹುಡುಕುತ್ತಾ ಓಡಾಡುತ್ತಿದ್ದೆ. ನನ್ನ ಅಮ್ಮ ಕೈಗೆ ಪ್ಲಾಸ್ಟಿಕ್ ಕವರ್ ಸುತ್ತಿಕೊಂಡು ಅವನ ಅಂಗಿ, ಪಂಚೆ ಬಿಚ್ಚಿಸಿ, ಟ್ಯಾಂಕಿನ ನಲ್ಲಿ ಕೆಳಗೆ ಕೂರಿಸಿ ಬಟ್ಟೆ ಸೋಪು ಹಾಕಿ ತಲೆಯಿಂದ ಪಾದದವರೆಗೆ ತೊಳೆದರು. ಆ ಹೊತ್ತಿನಲ್ಲಿ ಬುದ್ಧಿ ಇದ್ದದ್ದು ಅವರಿಗೊಬ್ಬರಿಗೇ. ಚರ್ಮದ ಮೇಲೆ ಮದ್ದು ಇರುವಷ್ಟು ಹೊತ್ತೂ ಅದು ಒಳಗೆ ಇಳಿಯುತ್ತಲೇ ಇರುತ್ತದೆ.

ಆಸ್ಪತ್ರೆಯಲ್ಲಿ ನರ್ಸ್ ಕೇಳಿದ್ದು ಒಂದೇ ಪ್ರಶ್ನೆ. "ಯಾವ ಮದ್ದು?" ನಾನು "ಹುಳದ ಮದ್ದು" ಎಂದೆ. ನಮ್ಮಲ್ಲಿ ಎಲ್ಲವೂ ಮದ್ದೇ ಅಲ್ವಾ? ಜ್ವರಕ್ಕೆ ಕುಡಿಯುವುದೂ ಮದ್ದು, ಕೊರಕಕ್ಕೆ ಹೊಡೆಯುವುದೂ ಮದ್ದು, ಕಳೆಗೆ ಹೊಡೆಯುವುದೂ ಮದ್ದು. ಆದರೆ ಕಳೆನಾಶಕಕ್ಕೆ ಅಟ್ರೋಪಿನ್ ಕೆಲಸ ಮಾಡುವುದಿಲ್ಲ, ಅದರ ಚಿಕಿತ್ಸೆಯೇ ಬೇರೆ. ಡಾಕ್ಟರ್ ಕಣ್ಣು, ಜೊಲ್ಲು, ನಾಡಿ ನೋಡಿ ಅಟ್ರೋಪಿನ್ ಶುರು ಮಾಡಿಬಿಟ್ಟರು. ನಾನು ಬಾಟಲಿ ತರಲು ಮತ್ತೆ ತೋಟಕ್ಕೆ ಓಡಿದೆ.

ವಾಪಸ್ ಬಂದಾಗ ಟ್ರೇಯಲ್ಲಿ ಒಡೆದ ಆಂಪೂಲುಗಳ, ಅಂದರೆ ಇಂಜೆಕ್ಷನ್ ಮದ್ದಿನ ಪುಟ್ಟ ಗಾಜಿನ ಸೀಸೆಗಳ ರಾಶಿ ಇತ್ತು. ಒಂದೊಂದರಲ್ಲಿ ಇರುವುದು 0.6 ಮಿ.ಗ್ರಾಂ. ಡಾಕ್ಟರ್ ಐದೈದು ನಿಮಿಷಕ್ಕೆ ಎದೆಗೆ ಸ್ಟೆತಸ್ಕೋಪ್ ಇಟ್ಟು ಕೇಳುತ್ತಿದ್ದರು, ಸಾಲದಿದ್ದರೆ ಹಿಂದಿನದರ ಎರಡರಷ್ಟು ಕೊಡುತ್ತಿದ್ದರು. ಶ್ವಾಸಕೋಶದೊಳಗೆ ನೀರು ತುಂಬಿ ಗೊರಗೊರ ಅನ್ನುತ್ತಿರುತ್ತದೆ. ಆ ಸದ್ದು ನಿಲ್ಲಬೇಕು, ನಾಡಿ 80 ದಾಟಬೇಕು. ಅಲ್ಲಿಯವರೆಗೆ ಬಿಡುವ ಹಾಗಿಲ್ಲ. ನೀವು ಫ್ರಿಜ್‌ನಲ್ಲಿ ಇಡುವ ಎರಡು ಆಂಪೂಲು ಇದಕ್ಕೆ ಎಲ್ಲಿ ಸಾಲುತ್ತದೆ ಹೇಳಿ?

ಎರಡನೇ ದಿನ ಅವನು ಗೆಲುವಾಗಿದ್ದ. ಮನೆಗೆ ಕರೆದೊಯ್ಯುತ್ತೇವೆ ಎಂದರೆ ಡಾಕ್ಟರ್ ಬಿಡಲಿಲ್ಲ. ದಿನಕ್ಕೆ ನಾಲ್ಕಾರು ಸಲ ಬಂದು "ದಿಂಬಿನಿಂದ ತಲೆ ಎತ್ತಪ್ಪ" ಅನ್ನುತ್ತಿದ್ದರು. ಇದೇನು ಅಂತ ನನಗೆ ಅರ್ಥ ಆಗಿರಲಿಲ್ಲ. ಈ ವಿಷದಲ್ಲಿ ಒಂದರಿಂದ ನಾಲ್ಕು ದಿನದೊಳಗೆ ಕುತ್ತಿಗೆಯ ಬಲ ಹೋಗಿ, ಹಿಂದೆಯೇ ಉಸಿರಾಟದ ಬಲವೂ ಹೋಗಬಹುದಂತೆ. ತಲೆ ಎತ್ತಲಾಗದಿದ್ದರೆ ಅದೇ ಮೊದಲ ಸುಳಿವು.

ಮೂರನೇ ರಾತ್ರಿ ಅವನಿಗೆ ಭ್ರಮೆ ಹಿಡಿಯಿತು. ಮೈ ನಡುಕ, ಬೆವರು. ಹಾಸಿಗೆಯ ಮೇಲೆ ಕೂತು ಗಾಳಿಯಲ್ಲಿ ಕಾಫಿ ಕುಯ್ಯುತ್ತಿದ್ದ. ಎರಡೂ ಕೈಯಲ್ಲಿ ಇಲ್ಲದ ರೆಂಬೆ ಬಗ್ಗಿಸಿ, ಹಣ್ಣು ಕಿತ್ತು, ಸೊಂಟದ ಇಲ್ಲದ ಚೀಲಕ್ಕೆ ಹಾಕುತ್ತಿದ್ದ. ಹಿಡಿಯಲು ಹೋದವರಿಗೆ ಒದ್ದ. ಅವನ ಅಣ್ಣ ಗಾಳಿ ಸೋಕಿದೆ, ಕಟ್ಟಿಹಾಕಿ ಎಂದ. ಡಾಕ್ಟರ್ ಕಟ್ಟಲು ಬಿಡಲಿಲ್ಲ. ಮಕಾಡೆ ಮಲಗಿಸಿ ಮೇಲೆ ಕೂತರೆ ಉಸಿರೇ ನಿಲ್ಲಬಹುದು. ಮೊದಲು ಆಕ್ಸಿಜನ್, ಸಕ್ಕರೆ, ಜ್ವರ ನೋಡಿದರು. ಸಕ್ಕರೆ ಇಳಿದರೂ ಮನುಷ್ಯ ಹೀಗೇ ಆಡುತ್ತಾನೆ. ಅಟ್ರೋಪಿನ್ ಜಾಸ್ತಿಯಾದರೂ ಹೀಗೇ. ಆಮೇಲೆ ನನ್ನ ಕಡೆ ತಿರುಗಿ "ಕುಡೀತಾನಾ?" ಎಂದು ಕೇಳಿದರು. ನಾನು "ಇಲ್ಲ ಸಾರ್" ಎಂದೆ. ಒಳ್ಳೆ ಕೆಲಸಗಾರ, ಮರ್ಯಾದೆ ಹೋಗದಿರಲಿ ಅಂತ.

ಸ್ವಲ್ಪ ಹೊತ್ತಿಗೆ ಅವನ ಹೆಂಡತಿ ಡಾಕ್ಟರ್ ಹತ್ತಿರ ಹೋಗಿ, ತಲೆ ತಗ್ಗಿಸಿ, ದಿನಾ ಬೆಳಗ್ಗೆ ಎದ್ದ ಕೂಡಲೇ ಒಂದು ಕ್ವಾರ್ಟರ್ ಬೇಕೇಬೇಕು ಎಂದಳು. ದಿನಾ ಕುಡಿಯುವವನು ತಟ್ಟನೆ ನಿಲ್ಲಿಸಿದರೆ ಎರಡು ಮೂರು ದಿನದ ಮೇಲೆ ಹೀಗಾಗುತ್ತದೆ. ಇದರಲ್ಲೂ ಸಾವು ಬರುತ್ತದೆ. ಅದಕ್ಕೆ ಬೇರೆಯೇ ಚಿಕಿತ್ಸೆ, ನಿದ್ದೆ ಬರಿಸುವ ಮದ್ದು, ಬಿ1 ವಿಟಮಿನ್ ಇಂಜೆಕ್ಷನ್. ಶುರು ಮಾಡಿದರು. ಎರಡು ದಿನ ಕಳೆದ ಮೇಲೆ ನನ್ನ ಗುರುತು ಹಿಡಿದು, ಪಂಪು ರಿಪೇರಿ ಆಯಿತಾ ಅಂತ ಕೇಳಿದ. ನನಗೆ ಉತ್ತರ ಕೊಡಲು ಆಗಲಿಲ್ಲ.

ಅಕ್ಕ, ಇಷ್ಟೆಲ್ಲಾ ಹೇಳಿದ್ದು ಯಾಕೆಂದರೆ ಅಂದು ತೋಟದಿಂದ ಆಸ್ಪತ್ರೆಗೆ ಹೋಗಬೇಕಾಗಿದ್ದದ್ದು ಮೂರು: ತೊಳೆದ ಮೈ, ಬಾಟಲಿ, ನಿಜ. ಮೊದಲನೆಯದನ್ನು ಅಮ್ಮ ಮಾಡಿದರು. ಉಳಿದ ಎರಡು ನನ್ನ ಪಾಲಿನದು, ಎರಡರಲ್ಲೂ ನಾನು ತಪ್ಪಿದೆ. ಮದ್ದು ಬೇಕೆಂದೇ ಕುಡಿದವರ ಮನೆಯವರಂತೂ ಪೊಲೀಸ್ ಕೇಸಿಗೆ ಹೆದರಿ "ಹೊಡೆಯುವಾಗ ಚೆಲ್ಲಿತು" ಅನ್ನುತ್ತಾರೆ. ಹೆದರಬೇಡಿ. 2017ರ ಮಾನಸಿಕ ಆರೋಗ್ಯ ಕಾಯ್ದೆಯ 115ನೇ ಕಲಂ ಪ್ರಕಾರ, ಜೀವ ಕಳೆದುಕೊಳ್ಳಲು ಹೋದವರು ತೀವ್ರ ಒತ್ತಡದಲ್ಲಿದ್ದರು ಎಂದೇ ಭಾವಿಸಬೇಕು. ಅವರಿಗೆ ಆರೈಕೆ ಕೊಡುವುದು ಸರ್ಕಾರದ ಕರ್ತವ್ಯ. ಏನು, ಎಷ್ಟು, ಎಷ್ಟು ಹೊತ್ತಿಗೆ ಅಂತ ಡಾಕ್ಟರಿಗೆ ಇದ್ದದ್ದು ಇದ್ದ ಹಾಗೆ ಹೇಳಿ. ಮನಸ್ಸು ಭಾರವಾದವರಿಗೆ 14416 ಟೆಲಿ ಮಾನಸ್ ನಂಬರ್ ಇದೆ, ಕನ್ನಡದಲ್ಲೇ ಮಾತಾಡುತ್ತಾರೆ. ಲೈನ್ ಮನೆಯ ಗೋಡೆಗೆ 108ರ ಪಕ್ಕದಲ್ಲಿ ಅದನ್ನೂ ಬರೆಸಿ.

ಫ್ರಿಜ್‌ಗೆ ಹಾಕುವ ದುಡ್ಡಿನಲ್ಲಿ ಮದ್ದಿನ ಕೋಣೆಗೆ ಒಳ್ಳೆ ಬೀಗ ಹಾಕಿಸಿ. ಸೋರದ ಪಂಪು, ತುಂಬು ತೋಳಿನ ಅಂಗಿ, ಗಂಬೂಟು ಕೊಡಿಸಿ. ಗುಳಿಮಂಡಲ ಕಚ್ಚುವುದು ಪಾದಕ್ಕೇ ಜಾಸ್ತಿ. ಲೈನ್ ಮನೆಯಲ್ಲಿ ನೆಲದ ಮೇಲೆ ಮಲಗುವವರಿಗೆ ಮಂಚ, ಸೊಳ್ಳೆಪರದೆ ಕೊಡಿಸಿ. ಕಟ್ಟುಹಾವು ರಾತ್ರಿ ಮಲಗಿದವರಿಗೆ ಕಚ್ಚುತ್ತದೆ, ನೋವೇ ಇರುವುದಿಲ್ಲ. ಬೆಳಗ್ಗೆ ಹೊಟ್ಟೆನೋವು, ರೆಪ್ಪೆ ಎತ್ತಲಾಗದು ಅಂದರೆ ಗಾಯ ಹುಡುಕುತ್ತಾ ಕೂರಬೇಡಿ, ಹೊರಡಿ. ಕಚ್ಚಿದ ಜಾಗ ಕೊಯ್ಯುವುದು, ಚೀಪುವುದು, ಹಗ್ಗ ಬಿಗಿಯುವುದು ಬೇಡ. ಬಳೆ, ಉಂಗುರ, ಕಾಲುಂಗುರ ತೆಗೆಯಿರಿ, ಊದಿದ ಮೇಲೆ ಬರುವುದಿಲ್ಲ. ಮೂಳೆ ಮುರಿದವರನ್ನು ಒಯ್ಯುವ ಹಾಗೆ ಕಾಲು ಅಲ್ಲಾಡದಂತೆ ಹೊತ್ತುಕೊಂಡು ಹೋಗಿ. ಮದ್ದು ಕುಡಿದವರಿಗೆ ಉಪ್ಪುನೀರು ಕುಡಿಸಿ ವಾಂತಿ ಮಾಡಿಸಬೇಡಿ, ಅದು ಶ್ವಾಸಕೋಶಕ್ಕೆ ಹೋಗುತ್ತದೆ.

ಒಂದು ಮಾತು ಬಿಟ್ಟಿದ್ದೆ. ನಿಮ್ಮ ಹುಡುಗಿಯನ್ನು ಮೈಸೂರಿನಿಂದ ಬಂದ ಮೇಲೆ ಮತ್ತೆ ತೋರಿಸಿದಿರಾ? ಪತ್ರದಲ್ಲಿ ಬರೆದಿಲ್ಲ. ಕಿಡ್ನಿ ಸುಧಾರಿಸಿದಂತೆ ಕಂಡರೂ ಕೆಲವರಿಗೆ ಪೂರ್ತಿ ಸರಿಹೋಗಿರುವುದಿಲ್ಲ. ಈ ವಾರವೇ ಒಮ್ಮೆ ಕರೆದುಕೊಂಡು ಹೋಗಿ ಕ್ರಿಯಾಟಿನಿನ್ (ಕಿಡ್ನಿ ಹೇಗಿದೆ ಎಂದು ತಿಳಿಸುವ ರಕ್ತ ಪರೀಕ್ಷೆ), ಮೂತ್ರ, ಬಿ.ಪಿ. ನೋಡಿಸಿ. ಡಿಸ್ಚಾರ್ಜ್ ಚೀಟಿ ಮರೆಯದೆ ತೆಗೆದುಕೊಂಡು ಹೋಗಿ. ಮೈಕೈ ನೋವಿಗೆ ಅಂಗಡಿ ಮಾತ್ರೆ ನುಂಗುತ್ತಿದ್ದರೆ ಅದನ್ನೂ ಡಾಕ್ಟರಿಗೆ ಹೇಳಲಿ. ಏನಾಯಿತು ಅಂತ ನನಗೊಂದು ಸಾಲು ಬರೆಯಿರಿ, ಕಾಯುತ್ತಿರುತ್ತೇನೆ.

ಸಂಪಾದಕ