ಇಂಗ್ಲೆಂಡಿನ ಪೋರ್ಟ್ಸ್‌ಮೌತ್‌ಗೆ ಬರುವ ತಮ್ಮನಿಗೆ

ಸೆಪ್ಟೆಂಬರಿನಲ್ಲಿ ಇಲ್ಲಿನ ವಿಶ್ವವಿದ್ಯಾಲಯಕ್ಕೆ ಓದಲು ಬರುತ್ತಿದ್ದೀರಿ. ಚಳಿ, ಬಾಡಿಗೆ, ಊಟ ಹೇಗೆ, ಮುಂದೆ ಸ್ವಂತ ವ್ಯವಹಾರ ಮಾಡಬಹುದೇ ಎಂದು ಕೇಳಿದ್ದೀರಿ. ಇಷ್ಟು ವರ್ಷ ಈ ಊರಿನ ಪೋರ್ಟ್ಸ್‌ಮೌತ್ ಫುಟ್‌ಬಾಲ್ ಕ್ಲಬ್ಬಿನ ಬೆನ್ನು ಹತ್ತಿ ನನಗೆ ಸಿಕ್ಕಿದ್ದೇನು ಎಂದೂ ಕೇಳಿದ್ದೀರಿ.

ಚಳಿಗಿಂತ ಕಡಲ ಗಾಳಿ ಕಷ್ಟ. ಕೊಡೆ ಬೇಡ, ಟೋಪಿ ಇರುವ ಮಳೆಯಂಗಿ ತನ್ನಿ. ಅಕ್ಕಿ ಬೇಳೆ ಸಿಗುತ್ತವೆ, ಅಮ್ಮ ಮಾಡಿದ ಸಾರಿನ ಪುಡಿ ಸಿಗುವುದಿಲ್ಲ. ಬಾಡಿಗೆಯ ಮುಂಗಡವನ್ನು ಮಾಲೀಕರು ಸರಕಾರ ಒಪ್ಪಿದ ಠೇವಣಿ ಯೋಜನೆಯಲ್ಲಿ ಇಟ್ಟ ಪತ್ರವನ್ನು ಕೇಳಿ ಪಡೆಯಿರಿ. ವಿದ್ಯಾರ್ಥಿ ವೀಸಾದಲ್ಲಿ ಸ್ವಂತ ವ್ಯವಹಾರಕ್ಕೆ ಅವಕಾಶವಿಲ್ಲ. ಯಾರು ಏನೇ ಹೇಳಲಿ, ಅದಕ್ಕೆ ಕೈ ಹಾಕಬೇಡಿ.

ನಾನು 2007ರಲ್ಲಿ ಬಂದು ಫ್ರಾಟನ್ ರೈಲು ನಿಲ್ದಾಣದ ಹತ್ತಿರ ಕೋಣೆ ಹಿಡಿದೆ. ಕ್ರಿಕೆಟ್ ಬಿಟ್ಟು ಬೇರೆ ಆಟ ಗೊತ್ತಿರಲಿಲ್ಲ. ಶನಿವಾರ ಮಧ್ಯಾಹ್ನವಾದರೆ ನೀಲಿ ಶಾಲು ಸುತ್ತಿದ ಮಂದಿ, ನಗರಭವನದ ಗಡಿಯಾರದ ಗಂಟೆಯ ಧಾಟಿಯಲ್ಲೇ ಕ್ಲಬ್ಬಿನ ಹೆಸರು ಕೂಗುತ್ತ ಅದರ ಮೈದಾನವಾದ ಫ್ರಾಟನ್ ಪಾರ್ಕಿನತ್ತ ನಡೆಯುತ್ತಿದ್ದರು. ಒಂದು ದಿನ ನಾನೂ ಅವರ ಹಿಂದೆ ಹೋದೆ. ಪಕ್ಕದ ಆಸನದಲ್ಲಿದ್ದ, ಹಡಗುಕಟ್ಟೆಯಲ್ಲಿ ದುಡಿದು ನಿವೃತ್ತರಾಗಿದ್ದ ಹಿರಿಯರು ನನ್ನ ಹೆಸರು ಕೇಳುವ ಮೊದಲೇ ಫ್ಲಾಸ್ಕಿನ ಮುಚ್ಚಳದಲ್ಲಿ ಚಹಾ ಬಗ್ಗಿಸಿ ಕೊಟ್ಟರು. ಈ ಊರಿನಲ್ಲಿ ನನ್ನನ್ನು ತಮ್ಮವನೆಂದು ಕಂಡ ಮೊದಲಿಗರು ಅವರು. ಮರುವರ್ಷ ನಮ್ಮ ಆಟಗಾರ ಕಾನು ಹೊಡೆದ ಒಂದೇ ಗೋಲಿನಿಂದ ಕಾರ್ಡಿಫ್ ತಂಡವನ್ನು ಸೋಲಿಸಿ, ಇಂಗ್ಲೆಂಡಿನ ಹೆಸರಾಂತ ಪಂದ್ಯಾವಳಿಯಾದ ಎಫ್‌ಎ ಕಪ್ ಗೆದ್ದೆವು.

ಕಪ್ ಬಂದು ಎರಡು ವರ್ಷವೂ ತುಂಬಿರಲಿಲ್ಲ, ಕ್ಲಬ್ ದಿವಾಳಿಯ ಅಂಚಿಗೆ ಬಂತು. ಬರುವ ಆದಾಯಕ್ಕೆ ಮೀರಿದ ಸಂಬಳ, ಅದನ್ನು ತುಂಬಲು ಸಾಲ. 2010ರ ಫೆಬ್ರವರಿಯಲ್ಲಿ ಹೊಣೆ ದಿವಾಳಿಯಂಚಿನ ಸಂಸ್ಥೆಗಳನ್ನು ನೋಡಿಕೊಳ್ಳುವ ಆಡಳಿತಾಧಿಕಾರಿಯ ಕೈಗೆ ಹೋಯಿತು, ಅದಕ್ಕೆ ದಂಡವಾಗಿ ಲೀಗಿನಲ್ಲಿ ತಂಡದ ಒಂಬತ್ತು ಅಂಕ ಕಡಿತವಾಯಿತು. ಬಾಕಿ ನೂರು ಮಿಲಿಯನ್ ಪೌಂಡ್ ದಾಟಿತ್ತು. ಕ್ಲಬ್ ಯಾರಿಗೆಲ್ಲ ಹಣ ಕೊಡಬೇಕೆಂಬ ಪಟ್ಟಿ ಹೊರಬಿದ್ದಾಗ ಅದರಲ್ಲಿ ಪಂದ್ಯದ ದಿನ ಗಾಯಾಳುಗಳನ್ನು ಆರೈಕೆ ಮಾಡುವ ಸೇಂಟ್ ಜಾನ್ ಆಂಬ್ಯುಲೆನ್ಸ್ ಹೆಸರೂ ಇತ್ತು. ಫುಟ್‌ಬಾಲಿನ ನಿಯಮದ ಪ್ರಕಾರ ಆಟಗಾರರಿಗೂ ಇತರ ಕ್ಲಬ್ಬುಗಳಿಗೂ ಪೂರ್ತಿ ಹಣ. ಉಳಿದವರಿಗೆ ಪೌಂಡಿಗೆ ಇಪ್ಪತ್ತು ಪೆನ್ಸ್, ಎಂದರೆ ಐದರಲ್ಲಿ ಒಂದು ಪಾಲು ಕೊಡುವ ಒಪ್ಪಂದ, ಅದೂ ಕಂತಿನಲ್ಲಿ.

ನಿಮ್ಮ ತಂದೆಯವರದು ತಿಪಟೂರಿನಲ್ಲಿ ಕೊಬ್ಬರಿ ಮಂಡಿ. ಉದ್ದರಿ ಎಂದರೇನು ಎಂದು ನಿಮಗೆ ನಾನು ಹೇಳಬೇಕಿಲ್ಲ. ಆದರೆ ಊರಿನಲ್ಲಿ ಮುಖ ನೋಡಿ ಉದ್ದರಿ ಕೊಡುತ್ತೇವೆ, ಬಾಕಿ ನಿಂತರೆ ಮನೆಯ ಜಗುಲಿಯಲ್ಲಿ ಹೋಗಿ ಕೂರುತ್ತೇವೆ. ಇಲ್ಲಿ ಕೂರಲು ಜಗುಲಿಯಿಲ್ಲ. ಗಿರಾಕಿಯ ಹೆಸರು ಎಷ್ಟೇ ದೊಡ್ಡದಿರಲಿ, ಅವರು ಮುಳುಗಿದರೆ ಹಣ ಬರುವ ಸರದಿಯಲ್ಲಿ ನಾನು ಎಷ್ಟನೆಯವನು ಎಂದು ಮೊದಲೇ ಲೆಕ್ಕ ಹಾಕಬೇಕು. ಕಚೇರಿಗಳಿಗೆ ಊಟ ಪೂರೈಸುವ ನನ್ನ ಸಣ್ಣ ವ್ಯವಹಾರದಲ್ಲಿ ಅರ್ಧ ಮುಂಗಡವಿಲ್ಲದೆ ಒಲೆ ಹಚ್ಚುವುದಿಲ್ಲ. ಹಾಗಾಗಿಯೇ ಈವರೆಗೆ ನನ್ನ ಕೆಲಸಗಾರರ ಸಂಬಳ ತಪ್ಪಿಲ್ಲ. ಅದು ನನಗೆ ಹೆಮ್ಮೆ.

ಒಂದು ಕೊರಗು ಮಾತ್ರ ಉಳಿದಿದೆ. 2013ರಲ್ಲಿ ಅಭಿಮಾನಿಗಳೇ ಸಾವಿರ ಪೌಂಡಿನ ಷೇರುಗಳಿಗೆ ಹಣ ಹಾಕಿ ಕ್ಲಬ್ಬನ್ನು ಕೊಂಡು ಉಳಿಸಿಕೊಂಡರು. ಅದೇ ಬೇಸಿಗೆಯಲ್ಲಿ ಊರಿನಲ್ಲಿ ತಂಗಿಯ ಮದುವೆ. ಹಣ ಎಲ್ಲಿಗೆ ಹೋಗಬೇಕಿತ್ತೋ ಅಲ್ಲಿಗೇ ಹೋಯಿತು, ಅದರಲ್ಲಿ ಎರಡು ಮಾತಿಲ್ಲ. ಆ ಹಿರಿಯರು ತಮ್ಮ ಷೇರು ಪತ್ರಕ್ಕೆ ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದ್ದರು. ತಂಡ ಆಗ ನಾಲ್ಕನೆಯ ದರ್ಜೆಗೆ ಬಿದ್ದಿತ್ತು, ಆದರೂ ಪಂದ್ಯಕ್ಕೆ ಸರಾಸರಿ ಹದಿನೈದು ಸಾವಿರ ಜನ ಬರುತ್ತಿದ್ದರು. 2017ರಲ್ಲಿ ಡಿಸ್ನಿಯ ಮಾಜಿ ಮುಖ್ಯಸ್ಥ ಮೈಕಲ್ ಐಸ್ನರ್ ಅವರ ಸಂಸ್ಥೆಗೆ ಕ್ಲಬ್ಬನ್ನು ಮಾರಬೇಕೇ ಬೇಡವೇ ಎಂದು ಷೇರುದಾರರು ಮತ ಹಾಕಿದರು. ಆ ಹಿರಿಯರು ಹಾಕಿದರು, ಷೇರು ಕೊಳ್ಳದ ನನಗೆ ಮತವಿರಲಿಲ್ಲ. ಹದಿನೈದು ಸಾವಿರ ಜನರ ನಡುವೆ ಕುಳಿತು ಕೂಗಿದವನಿಗೆ ಆ ದಿನ ತಾನು ಹೊರಗಿನವನು ಅನ್ನಿಸಿತು. ಇಂದಿಗೂ ಅದು ಮನಸ್ಸಿನಿಂದ ಹೋಗಿಲ್ಲ.

ಆದ್ದರಿಂದ ಊರಿಗೆ ಕಳಿಸುವ ಹಣದ ಜೊತೆಗೆ, ನೀವು ಬಾಳುವ ಊರಿಗೂ ತಿಂಗಳಿಗೆ ಸ್ವಲ್ಪ ಎತ್ತಿಡಿ. ಬಾಡಿಗೆ ಕರಾರಿಗೆ ಸಹಿ ಹಾಕುವ ಮುನ್ನ ನನಗೆ ಒಮ್ಮೆ ತೋರಿಸಿ, ಸಂಜೆ ಆರರ ನಂತರ ಮನೆಯಲ್ಲೇ ಇರುತ್ತೇನೆ.