ಕಂದಾಗಿದ್ದು ಆರ್ಸೆನಿಕ್ ಅಲ್ಲ ಅಕ್ಕಾ, ಅವನ ಸಲಾಕೆ

ಅಕ್ಕಾ, ಪುಣೆಯ ವಾಕಡ್‌ನ ನಿಮ್ಮ ಸೊಸೈಟಿಗೆ ಫಿಲ್ಟರ್ ಮಾರಲು ಬಂದವನು ಬೋರ್ ನೀರಿನ ಗ್ಲಾಸಿಗೆ ಎರಡು ಸಲಾಕೆ ಇಳಿಸಿ ಕರೆಂಟ್ ಕೊಟ್ಟ, ನೀರು ಕಂದಾಯಿತು, ‘ಇದೇ ಆರ್ಸೆನಿಕ್ ಅನ್ನೋ ವಿಷ’ ಅಂದ, ಈಗ ಟೆರೇಸಿನ ಮೆಂತ್ಯ, ಪಾಲಕ್‌ಗೆ ಆ ನೀರು ಹಾಕಬಹುದಾ ಅಂತ ಕೇಳಿದ್ದೀರಿ. ಇದೇ ಆಟ ನಮ್ಮ ಮನೆಯಲ್ಲೂ ನಡೆದಿದೆ. ನಾನು ಹೆದರಿ ಅಡ್ವಾನ್ಸ್ ಬೇರೆ ಕೊಟ್ಟಿದ್ದೆ! ಆ ಸಲಾಕೆ ಕಬ್ಬಿಣದ್ದು. ಬೋರ್ ನೀರಲ್ಲಿ ಉಪ್ಪಿನಂಶ ಜಾಸ್ತಿ, ಕರೆಂಟ್ ಹರಿಯುತ್ತದೆ, ಕಬ್ಬಿಣ ನೀರಿಗೆ ಬಿಟ್ಟುಕೊಂಡು ತುಕ್ಕಾಗುತ್ತದೆ, ಆ ಕಂದು ಅದೇ. ಅವನ ಆರ್‌ಓ ಫಿಲ್ಟರಿನ ನೀರಿಗೆ ಒಂದು ಚಿಟಿಕೆ ಉಪ್ಪು ಹಾಕಿ ಮತ್ತೆ ಮಾಡಿ ತೋರಿಸು ಅನ್ನಿ. ಅದೂ ಕೊಳಕಾಗುತ್ತದೆ.

ಆರ್ಸೆನಿಕ್‌ಗೆ ನೀರಲ್ಲಿ ಬಣ್ಣ, ರುಚಿ, ವಾಸನೆ ಯಾವುದೂ ಇಲ್ಲ. ನೀರಲ್ಲಿ ಕರಗಿದ ಉಪ್ಪಿನಂಶ ಅಳೆಯುವ ಟಿಡಿಎಸ್ ಮೀಟರಿಗೂ ಸಿಗುವುದಿಲ್ಲ. ಕುಡಿಯುವ ನೀರಿಗೆ ಮಿತಿ ಲೀಟರಿಗೆ 0.01 ಮಿಲಿಗ್ರಾಂ. ಮೀಟರ್ ಏರುವುದು 640, 641 ಹೀಗೆ, ಒಂದೊಂದು ಮಿಲಿಗ್ರಾಂ ಲೆಕ್ಕದಲ್ಲಿ. ಅದರ ನೂರನೇ ಒಂದು ಪಾಲು ಎಲ್ಲಿ ಕಾಣಬೇಕು? ಕುದಿಸಿದರೂ ಹೋಗುವುದಿಲ್ಲ, ನೀರು ಇಂಗಿದಷ್ಟೂ ಜಾಸ್ತಿಯೇ ಆಗುತ್ತದೆ.

ಪುಣೆಯ ಕೆಳಗಿರುವುದು ಕಪ್ಪು ಬಸಾಲ್ಟ್ ಕಲ್ಲು. ಆರ್ಸೆನಿಕ್ ಕಾಟ ದೊಡ್ಡದಾಗಿ ಕಂಡಿದ್ದು ಪಶ್ಚಿಮ ಬಂಗಾಳ, ಬಿಹಾರದ ಮೆಕ್ಕಲು ಮಣ್ಣಿನ ಕೊಳವೆಬಾವಿಗಳಲ್ಲಿ. ಇಲ್ಲಿನ ಸೊಸೈಟಿ ಬೋರಿನಲ್ಲಿ ನಾನು ಮೊದಲು ಹೆದರುವುದು ಗಟಾರದ ನೀರಿಗೆ, ನೈಟ್ರೇಟಿಗೆ. ಸೊಪ್ಪಿನ ಬುಡಕ್ಕೆ ಹಾಕಿ, ಎಲೆ ಮೇಲೆ ಬೇಡ. ಕಾರ್ಪೊರೇಶನ್ ನೀರಲ್ಲಿ ತೊಳೆದು ಬಳಸಿ.

ನನಗೆ ಯೋಚನೆ ನಿಮ್ಮ ಊರಿನ ಬೋರಿನದು. ಲಿಂಗಸುಗೂರು ಕಡೆ ಅಂದಿದ್ದಿರಿ ಅಲ್ವಾ? ಹಟ್ಟಿ ಚಿನ್ನದ ಗಣಿ ಇರುವ ಸೀಮೆ. ಚಿನ್ನದ ಅದಿರಿನ ಜೊತೆ ಆರ್ಸೆನಿಕ್ ಇರುವ ಖನಿಜವೂ ಬರುತ್ತದೆ. ಪಕ್ಕದ ಸುರಪುರ ತಾಲೂಕಿನ ಕಿರದಳ್ಳಿ ತಾಂಡಾದಲ್ಲಿ ಇಂಥ ನೀರು ಕುಡಿದವರ ಮೈಮೇಲೆ ಕಲೆ, ಗಂಟು ಎದ್ದಿದ್ದವು. ಊರಿಗೆ ಹೋದಾಗ ಹಿರಿಯರ ಅಂಗೈ, ಅಂಗಾಲು ನೋಡಿ. ದುಡಿಮೆಯ ಜಡ್ಡು ಒಂದು ಕಡೆ ಬರುತ್ತದೆ. ಆರ್ಸೆನಿಕ್‌ನ ಗಂಟು ಕಾಳಿನಂತೆ ಎಲ್ಲ ಕಡೆ ಗಡುಸಾಗಿ ಕೈಗೆ ತಾಗುತ್ತದೆ. ಹಾಗಿದ್ದರೆ ಡಾಕ್ಟರಿಗೆ ತೋರಿಸಲೇಬೇಕು. ವರ್ಷಾನುಗಟ್ಟಲೆ ಕುಡಿದರೆ ಚರ್ಮ, ಮೂತ್ರಕೋಶ, ಶ್ವಾಸಕೋಶದ ಕ್ಯಾನ್ಸರ್‌ವರೆಗೂ ಹೋಗುತ್ತದೆ.

ಊರಿನ ಬೋರಿನ ನೀರನ್ನು ಲ್ಯಾಬ್ ಟೆಸ್ಟಿಗೆ ಹಿಡಿಯುವಾಗ ಮೋಟಾರ್ ಹತ್ತು ನಿಮಿಷ ಓಡಲಿ. ಲ್ಯಾಬ್‌ನವರು ಕೊಟ್ಟ ಬಾಟಲಿಯಲ್ಲೇ ಹಿಡಿಯಿರಿ, ಒಳಗೆ ಸ್ವಲ್ಪ ಆಸಿಡ್ ಇದ್ದರೆ ತೊಳೆಯಬೇಡಿ. ಆರ್ಸೆನಿಕ್ ನೋಡಿ ಅಂತ ಬಾಯಿಬಿಟ್ಟು ಹೇಳಿ, ಮಾಮೂಲಿ ಟೆಸ್ಟಿನಲ್ಲಿ ಅದನ್ನು ಬಿಟ್ಟಿರುತ್ತಾರೆ.

ಮಿತಿ ಮೀರಿದ್ದರೆ ಸ್ನಾನಕ್ಕೆ, ಬಟ್ಟೆಗೆ ಪರವಾಗಿಲ್ಲ. ಕುಡಿಯಲು ಬೇಡ, ಅನ್ನಕ್ಕೆ ಬೇಡವೇ ಬೇಡ. ಅಕ್ಕಿ ಆ ನೀರನ್ನೆಲ್ಲ ಹೀರಿಕೊಳ್ಳುತ್ತದೆ. ರಿಪೋರ್ಟ್ ಬಂದ ಮೇಲೆ ಫೋಟೊ ಹಾಕಿ, ಯಾವ ಫಿಲ್ಟರ್ ಅಂತ ಆಗ ನೋಡೋಣ. ಅಲ್ಲಿವರೆಗೆ ಯಾರಿಗೂ ಅಡ್ವಾನ್ಸ್ ಕೊಡಬೇಡಿ.