ಫೆಂಟನಿಲ್ ಪ್ಯಾಚ್: ನಿದ್ದೆಯೋ, ಅಪಾಯವೋ?
ಕ್ಯಾನ್ಸರ್ ನೋವಿಗೆ ಫೆಂಟನಿಲ್ ಪ್ಯಾಚ್ (ಪ್ರಬಲ ನೋವುನಿವಾರಕವನ್ನು ಚರ್ಮದ ಮೂಲಕ ಮೈಗೆ ಸೇರಿಸುವ ಪಟ್ಟಿ) ಹಾಕಿಕೊಂಡಿರುವ ತಂದೆಯವರು ಗೊರಕೆ ಹೊಡೆಯುತ್ತ ಮಲಗಿದಾಗ ಅದು ಬರೀ ನಿದ್ದೆಯೇ ಎಂದು ತಿಳಿಯುವುದು ಹೇಗೆಂದು ಕೇಳಿದ್ದೀರಿ. ‘ಅಪ್ಪಾ’ ಎಂದು ಜೋರಾಗಿ ಕೂಗಿ, ಎದೆಮೂಳೆಯನ್ನು ಬೆರಳಗೆಣ್ಣುಗಳಿಂದ ಬಲವಾಗಿ ಉಜ್ಜಿ ನೋಡಿ. ಆಗಲೂ ಏಳದಿದ್ದರೆ, ಅಥವಾ ಉಸಿರು ನಿಮಿಷಕ್ಕೆ 8ಕ್ಕಿಂತ ಕಡಿಮೆಯಾಗಿದ್ದರೆ, ಇಲ್ಲವೇ ಗಂಟಲಲ್ಲಿ ಗೊರಗೊರ ಸದ್ದು ಬರುತ್ತಿದ್ದರೆ, ತುಟಿ ನೀಲಿಗಟ್ಟುವವರೆಗೆ ಕಾಯದೆ 108ಕ್ಕೆ ಕರೆ ಮಾಡಿ. ಕಣ್ಣಿನ ಪಾಪೆ ಸಾಸಿವೆಕಾಳಿನಷ್ಟು ಕಿರಿದಾಗಿರುವುದು ಈ ಔಷಧಿಯಲ್ಲಿರುವವರಿಗೆ ಸಾಮಾನ್ಯ, ಆದ್ದರಿಂದ ಉಸಿರನ್ನೇ ಗಮನಿಸಿ. ಕೂಡಲೇ ಪ್ಯಾಚ್ ತೆಗೆದು, ಉಸಿರಾಡುತ್ತಿದ್ದರೆ ಮಗ್ಗುಲಿಗೆ ಮಲಗಿಸಿ. ಬಾಯಿಗೆ ಏನನ್ನೂ ಹಾಕಬೇಡಿ. ಫೆಂಟನಿಲ್ ಪರಿಣಾಮವನ್ನು ತಡೆಯಲು ಆಸ್ಪತ್ರೆಯಲ್ಲಿ ಕೊಡುವ ನಲಾಕ್ಸೋನ್ ಚುಚ್ಚುಮದ್ದಿನ ಪ್ರಭಾವ 30ರಿಂದ 90 ನಿಮಿಷ ಮಾತ್ರ, ಆದರೆ ಚರ್ಮದಲ್ಲಿ ಉಳಿದ ಫೆಂಟನಿಲ್ ಹಲವು ಗಂಟೆ ರಕ್ತಕ್ಕೆ ಸೇರುತ್ತಲೇ ಇರುತ್ತದೆ. ಆದ್ದರಿಂದ ಎಚ್ಚರವಾದರೆಂದು ಅವಸರದಲ್ಲಿ ಮನೆಗೆ ಕರೆತರಬೇಡಿ. ಪ್ಯಾಚ್ ಮೇಲೆ ಬಿಸಿನೀರಿನ ಚೀಲ ಇಡುವುದಂತೂ ದಯವಿಟ್ಟು ಬೇಡ; ಶಾಖಕ್ಕೆ ಔಷಧಿ ವೇಗವಾಗಿ ಮೈಗೇರುತ್ತದೆ.